ಪುಡಿ ಕಾರ್ಖಾನೆಯ ಹಿತ್ತಲು

ಹೋದ ತಿಂಗಳು ಯಾದಗಿರಿ ಸ್ಟೇಷನ್ನಿನ ಹತ್ತಿರ, ವರ್ಷಗಳಿಂದ ಬೀಗ ಬಿದ್ದಿದ್ದ ಒಂದು ಗೋದಾಮಿನ ಷಟರನ್ನು, ಮಣ್ಣು ನೋಡಲು ಹೋದ ನಮ್ಮೆದುರು ಎತ್ತಿಸಿದರು. ಒಳಗಿನ ಗಾಳಿ ಹೊರಬಂದು ಮುಖಕ್ಕೆ ಬಡಿಯಿತು. ನೆನೆದ ಗೋಣಿಚೀಲ, ಇಲಿಹಿಕ್ಕೆ, ಅವುಗಳ ಜೊತೆಗೆ ಟ್ರಂಕಿನಲ್ಲಿಡುವ ಡಾಂಬರು ಗುಳಿಗೆಯಂಥದೊಂದು ಘಾಟು. ಜೊತೆಗಿದ್ದ ಎಂಜಿನಿಯರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಒಳಗೆ ಹೋದರು. ನನಗೆ ಹೋಗಲಾಗಲಿಲ್ಲ, ಹೊರಗಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ಬಿಸಿಲಿಗೆ ತಲೆ ಸುತ್ತಿರಬೇಕೆಂದು ಅವರು ನೀರು ತರಿಸಿಕೊಟ್ಟರು. ಕುಡಿದೆ. ಆ ವಾಸನೆ ನನಗೆ ಗೊತ್ತಿದ್ದದ್ದು ಹೇಗೆಂದು ಅವರಿಗೆ ಹೇಳಲಿಲ್ಲ.

ಶಹಾಪುರದಲ್ಲಿ ನಾನು ಇದ್ದದ್ದು ಒಂದು ಮಳೆಗಾಲದ ಕೊನೆಯಿಂದ ಚಳಿಗಾಲದ ಕೊನೆಯವರೆಗೆ, ಅಷ್ಟೆ. ಆಗ ಅಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು. ದಾವಣಗೆರೆಯ ಮನೆ ಖಾಲಿ ಮಾಡಿ, ಕಲಬುರಗಿಯ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಮುಚ್ಚಿಹೋದ ಕಾರ್ಖಾನೆಗಳ ಜಾಗದಲ್ಲಿ ಮಣ್ಣು, ನೀರು ಪರೀಕ್ಷಿಸಿ, ಅಲ್ಲಿ ಮತ್ತೆ ಏನಾದರೂ ಕಟ್ಟಬಹುದೋ ಇಲ್ಲವೋ ಎಂದು ವರದಿ ಕೊಡುವುದು ನಮ್ಮ ಕೆಲಸ. ಶಹಾಪುರದ ಹೊರಗೆ, ಸುರಪುರದ ದಾರಿಗೆ, ಅಂಥದೊಂದು ಜಾಗವಿತ್ತು. ಹತ್ತಿ, ತೊಗರಿಗೆ ಹುಳ ಬೀಳದಂತೆ ಉದುರಿಸುವ ಬಿಎಚ್‌ಸಿ ಎಂಬ ವಿಷದ ಪುಡಿಯನ್ನು ಅಲ್ಲಿ ಬೆರೆಸಿ ಚೀಲಕ್ಕೆ ತುಂಬುತ್ತಿದ್ದರಂತೆ. ಆ ಪುಡಿಯನ್ನು ಸರಕಾರ ನಿಷೇಧಿಸಿದ ಮೇಲೆ ಬೇರೆ ಊರಿನವರಾದ ಮಾಲೀಕರು ಬೀಗ ಹಾಕಿಕೊಂಡು ಹೋಗಿದ್ದರು. ಊರಿನವರ ಬಾಯಲ್ಲಿ ಅದು ಇನ್ನೂ ಪುಡಿ ಕಾರ್ಖಾನಿಯೇ. ಈಗ ಅಲ್ಲಿ ಕಾಲೇಜು ಹುಡುಗಿಯರ ಹಾಸ್ಟೆಲ್ ಕಟ್ಟಬೇಕೆಂದಿತ್ತು. ಅದಕ್ಕೆ ಮೊದಲು ಮಣ್ಣು ನೋಡಲು ನನ್ನನ್ನು ಕಳಿಸಿದರು.

ದರ್ಜಿ ಅಂಗಡಿಯೊಂದರ ಮೇಲೆ ಒಂದು ಕೋಣೆ ಸಿಕ್ಕಿತು. ಕಿಟಕಿಯಿಂದ ಬುದ್ಧ ಮಲಗಿದಂತೆ ಕಾಣುವ ಬೆಟ್ಟದ ಪಾದದ ಕಡೆ ಮಾತ್ರ ಕಾಣಿಸುತ್ತಿತ್ತು. ಕೆಳಗೆ ಹೊಲಿಗೆ ಯಂತ್ರ ನಿಂತಿತೆಂದರೆ ಸಂಜೆಯಾಯಿತೆಂದು ಅರ್ಥ. ಆಮೇಲೆ ಮಾತಾಡಲು ಯಾರೂ ಇರುತ್ತಿರಲಿಲ್ಲ. ಭಾನುವಾರ ಒಂದೆರಡು ಸಲ ಶಿರವಾಳಕ್ಕೆ ಹೋಗಿ, ಆ ಹಳೆಯ ಗುಡಿಗಳ ಕಲ್ಲಿನ ಮೇಲೆ ಕೂತು ಬಂದೆ. ಎರಡನೆಯ ಸಲ ಅಲ್ಲಿಯ ಹುಡುಗರು, “ಮಣ್ಣ ಮೇಡಂ ಬಂದಾರ” ಎಂದು ಪಿಸುಗುಟ್ಟಿದರು. ಊರು ನನಗೆ ಕೊಟ್ಟಿದ್ದ ಹೆಸರು ಆವತ್ತು ತಿಳಿಯಿತು.

ಕೆಲಸಕ್ಕೆ ಜೊತೆಯಾದವನು ಖಾಜಾ. ನಲವತ್ತರ ಆಸುಪಾಸಿನ ಆಟೋ ಚಾಲಕ. ಹತ್ತಿರದ ಗೋಗಿ ಹಳ್ಳಿಗೆ ಪ್ರಯಾಣಿಕರನ್ನು ಹೊತ್ತು ತಿರುಗುತ್ತಿದ್ದವನನ್ನು ದಿನದ ಲೆಕ್ಕದಲ್ಲಿ ಗೊತ್ತುಮಾಡಿಕೊಂಡಿದ್ದೆ. ಮಣ್ಣು ಕೊರೆಯುವ ಉದ್ದನೆಯ ಬೈರಿಗೆಯನ್ನು ಇಬ್ಬರೂ ಸೇರಿ ತಿರುಗಿಸಿ, ಬಂದ ಮಣ್ಣನ್ನು ಗಾಜಿನ ಬಾಟಲಿಗೆ ತುಂಬಿ, ಹೆಸರು ಬರೆದು ಐಸಿನ ಪೆಟ್ಟಿಗೆಯಲ್ಲಿಡುತ್ತಿದ್ದೆವು. ವಾರಕ್ಕೊಮ್ಮೆ ಅವನು ಆ ಪೆಟ್ಟಿಗೆಯನ್ನು ಯಾದಗಿರಿ ಸ್ಟೇಷನ್ನಿಗೆ ಮುಟ್ಟಿಸುತ್ತಿದ್ದ. ಅಲ್ಲಿಂದ ಅದು ಹೈದರಾಬಾದಿನ ಪ್ರಯೋಗಾಲಯಕ್ಕೆ ಹೋಗುತ್ತಿತ್ತು.

ಕಾರ್ಖಾನೆಯ ಕಾಂಪೌಂಡಿನೊಳಗೆ ಒಬ್ಬಳು ಹೆಂಗಸು ವಾಸವಾಗಿದ್ದಳು. ಹೆಸರು ಹಣಮವ್ವ, ಅರವತ್ತು ದಾಟಿರಬಹುದು. ಹಿಂದೆ ಅಲ್ಲಿಯೇ ಚೀಲ ತುಂಬುತ್ತಿದ್ದವಳು. ಕಾರ್ಖಾನೆ ಮುಚ್ಚಿದ ಮೇಲೆ ಕಾವಲಿಗೆಂದು ಚೀಲ ತೂಗುತ್ತಿದ್ದ ಕೋಣೆಯಲ್ಲಿ, ತೂಕದ ಖೋಲಿಯಲ್ಲಿ, ಉಳಿದುಕೊಂಡಿದ್ದಳು. ಗಂಡ ಎಂದೋ ಬಿಟ್ಟುಹೋಗಿದ್ದ, ಮಕ್ಕಳಿರಲಿಲ್ಲ. ಹಿಂದಿನ ಗೋಡೆಗೆ ಹೊಂದಿ ನಾಲ್ಕು ಮಡಿ ಮಾಡಿ ಪುಂಡಿ, ಮೆಂತ್ಯ, ರಾಜಗಿರಿ, ಹೀಗೆ ಆ ಕಡೆ ಪಲ್ಯ ಎನ್ನುವ ಸೊಪ್ಪು ಬೆಳೆದು, ಬೆಳಿಗ್ಗೆ ಬುಟ್ಟಿಯಲ್ಲಿ ಹೊತ್ತು ಗೊತ್ತಿರುವ ಮನೆಗಳಿಗೆ ಕೊಟ್ಟುಬರುತ್ತಿದ್ದಳು. ಖಾಜಾನ ಹೆಂಡತಿ ಶಾಹಿದಾ ಕೂಡ ಅವಳ ಗಿರಾಕಿಯೇ.

ಮೊದಲ ವಾರ ನನ್ನನ್ನು ದೂರದಿಂದ ನೋಡಿದಳು. ಎರಡನೆಯ ವಾರ ಹತ್ತಿರ ಬಂದು, “ಮಧ್ಯಾಹ್ನ ಏನ್ ಉಣ್ತೀರಿ ಮೇಡಮ್ಮರ?” ಎಂದಳು.

“ಬಿಸ್ಕತ್ತು ತಂದಿದೀನಿ.”

“ಬಿಸ್ಕೀಟ ಊಟ ಏನ್ರಿ? ಬರ್ರಿ ಇಲ್ಲಿ, ಕುಂದರ್ರಿ.”

ಖಡಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅಮ್ಮ ಹೋದ ಮೇಲೆ ಇನ್ನೊಬ್ಬರ ಎದುರು ಕೂತು ನಾನು ಉಂಡ ಮೊದಲ ಊಟ ಅದು. ಆಮೇಲೆ ದಿನವೂ ನಡೆಯಿತು. ಖಾಜಾ ಮನೆಗೆ ಹೋಗಿ ಉಂಡುಬರುತ್ತಿದ್ದ. ನಾನು ಮತ್ತು ಹಣಮವ್ವ ಖೋಲಿಯ ಮುಂದಿನ ಬೇವಿನ ನೆರಳಲ್ಲಿ ಕೂಡುತ್ತಿದ್ದೆವು. ಹೆಚ್ಚು ಮಾತಿರಲಿಲ್ಲ. ರೊಟ್ಟಿ ಮುರಿಯುವ ಸದ್ದು, ರಸ್ತೆಯಲ್ಲಿ ಹತ್ತಿ ಹೇರಿದ ಲಾರಿಗಳ ಸದ್ದು. ಮಧ್ಯಾಹ್ನ ಆಗುವುದನ್ನೇ ನಾನು ಕಾಯತೊಡಗಿದ್ದೆ.

ಇಂಥ ಕೆಲಸದಲ್ಲಿ ಹೋಲಿಸಿ ನೋಡಲು ಒಂದು ಶುದ್ಧ ಮಣ್ಣು ಬೇಕಾಗುತ್ತದೆ. ವಿಷ ತಾಗಿರಲಾರದ ಕಡೆಯಿಂದ ಒಂದು ಮಾದರಿ ತೆಗೆದು, ಉಳಿದವನ್ನು ಅದರ ಪಕ್ಕದಲ್ಲಿಟ್ಟು ಅಳೆಯುತ್ತೇವೆ. ನನ್ನ ಕೈಲಿದ್ದ ಕಾರ್ಖಾನೆಯ ನಕ್ಷೆಯಲ್ಲಿ ಹಿಂದಿನ ಮೂಲೆ ಖಾಲಿ ಜಾಗ ಎಂದಿತ್ತು. ಯಂತ್ರದ ಶೆಡ್ಡಿನಿಂದ ಬಹಳ ದೂರ. ಅಲ್ಲಿ ಹಣಮವ್ವನ ಪಲ್ಯ ಹಸಿರಾಗಿ ನಿಂತಿತ್ತು. ಅವಳನ್ನು ಕೇಳಿ, ಪುಂಡಿಯ ಮಡಿಯಿಂದಲೇ ಆ ಮಣ್ಣು ತೆಗೆದುಕೊಂಡೆ.

“ನನ್ನ ಮಣ್ಣೂ ಹೈದ್ರಾಬಾದಿಗೆ ಹೋಗ್ತೈತೇನ್ರಿ?” ಎಂದು ಅವಳು ಆವತ್ತು ನಕ್ಕಿದ್ದಳು.

ಫಲಿತಾಂಶ ಬಂದಾಗ ನಾನು ಕೋಣೆಯಲ್ಲಿದ್ದೆ. ಶೆಡ್ಡಿನ ಸುತ್ತಲಿನ ಮಣ್ಣು ಕೆಟ್ಟಿತ್ತು, ಅದು ನಿರೀಕ್ಷಿಸಿದ್ದೇ. ಎಲ್ಲಕ್ಕಿಂತ ಕೆಟ್ಟಿದ್ದದ್ದು ಪುಂಡಿಯ ಮಡಿ. ಬಾಟಲಿಗಳ ಹೆಸರು ಅದಲು ಬದಲಾಗಿರಬೇಕೆಂದು ನನ್ನ ಪುಸ್ತಕ ತೆಗೆದು ನೋಡಿದೆ. ಆಗಿರಲಿಲ್ಲ. ಎರಡು ತಿಂಗಳಿಂದ ನಾನು ಉಂಡದ್ದು ಅಲ್ಲಿಯ ಪಲ್ಯವನ್ನೇ.

ಕಲಬುರಗಿಗೆ ಫೋನ್ ಮಾಡಿದೆ. ನಮ್ಮ ಸಾಹೇಬರು ಸಮಾಧಾನದಿಂದಲೇ ಕೇಳಿದರು. “ಒಂದೇ ಮಾದರಿ ನಂಬಿ ಮಾತಾಡಬೇಡಿ. ಇನ್ನೊಮ್ಮೆ ಮಣ್ಣು, ಅದರ ಜೊತೆಗೆ ಸೊಪ್ಪನ್ನೂ ಕಳಿಸಿ. ವರದಿ ಆಗುವವರೆಗೆ ಯಾರಿಗೂ ಹೇಳೋ ಹಾಗಿಲ್ಲ, ಅದು ಕರಾರಿನಲ್ಲೇ ಇದೆ” ಎಂದರು. ತಪ್ಪೇನೂ ಹೇಳಿರಲಿಲ್ಲ. ಮತ್ತೆ ಕಳಿಸಿದೆ. ಉತ್ತರಕ್ಕೆ ಮೂರು ವಾರ ಹಿಡಿಯಿತು.

ಆ ಮೂರು ವಾರದ ಬಗ್ಗೆ ಈಗಲೂ ಬರೆಯಲು ಕೈ ಬರುವುದಿಲ್ಲ. ಮರುದಿನ ಹಣಮವ್ವ ರೊಟ್ಟಿ ಬಿಚ್ಚಿದಾಗ ಹೊಟ್ಟೆನೋವು ಎಂದೆ. ಅದರ ಮರುದಿನ ಉಪವಾಸ ಎಂದೆ. ಮೂರನೆಯ ದಿನದಿಂದ ಮಧ್ಯಾಹ್ನವಾಗುತ್ತಲೇ ಏನಾದರೂ ನೆಪ ಮಾಡಿ ಗೇಟಿನ ಹೊರಗೆ ಹೋಗತೊಡಗಿದೆ. ಅವಳು ಕೇಳಲಿಲ್ಲ. ಬೆಳಿಗ್ಗೆ ನಾನು ಬರುವ ಹೊತ್ತಿಗೆ ಬುಟ್ಟಿ ಹೊತ್ತು ಎದುರಾಗುತ್ತಿದ್ದಳು. ಬುಟ್ಟಿಯ ತುಂಬ ಪಲ್ಯ ಇರುತ್ತಿತ್ತು. ನಾನು ದಾರಿ ಬಿಟ್ಟು ನಿಲ್ಲುತ್ತಿದ್ದೆ.

ನಡುವೆ ಎಳ್ಳಮಾಸಿ, ಎಂದರೆ ಎಳ್ಳ ಅಮಾವಾಸ್ಯೆ, ಬಂತು. ಆ ಕಡೆ ಅದು ದೊಡ್ಡ ಹಬ್ಬ. ಎಲ್ಲರೂ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಮಾಡಿ, ಆ ಎಡೆಯನ್ನು ಬೆಳೆಯ ಸುತ್ತ ಎರಚಿ ಚರಗ ಚೆಲ್ಲಿ, ಅಲ್ಲೇ ಉಂಡುಬರುತ್ತಾರೆ. ಹಣಮವ್ವನಿಗೆ ಹೊಲವಿರಲಿಲ್ಲ, ಆ ನಾಲ್ಕು ಮಡಿಗಳೇ. ಹೊಸ ಸೀರೆ ಉಟ್ಟು, ಎಲ್ಲ ಸೊಪ್ಪು ಕಾಳು ಕೂಡಿಸಿ ಮಾಡಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಹಿಡಿದು ಮಡಿಗಳ ಸುತ್ತ ತಿರುಗಿ ಚರಗ ಚೆಲ್ಲಿದಳು. ನನಗೂ ಬರಹೇಳಿದ್ದಳು. ಹೋಗಿ ನಿಂತಿದ್ದೆ.

“ಇವತ್ತರ ಉಣ್ರಿ. ಹಬ್ಬದ ದಿನ ಒಲ್ಲೆ ಅನಬಾರದು.”

“ನನಗೆ ಆಗಲ್ಲ ಹಣಮವ್ವ.”

ಅವಳು ನನ್ನ ಮುಖವನ್ನೊಮ್ಮೆ ನೋಡಿದಳು. “ನಮ್ಮ ಕೈಯಾಗಿಂದು ಈಗ ನಡಿಯಂಗಿಲ್ಲೇನ್ರಿ?” ಎಂದು ಕೇಳಿದಳು. ಅವಳು ಕೇಳುತ್ತಿದ್ದದ್ದು ಜಾತಿಯ ಮಾತೆಂದು ತಿಳಿಯಿತು. ಬೇರೆ ಜಾತಿಯವರು ಅವಳ ಕೈಯ ನೀರು ಕುಡಿಯದೆ ಬಿಟ್ಟದ್ದನ್ನು ಜೀವನವಿಡೀ ಕಂಡವಳು. ಹಾಗಲ್ಲ ಎಂದೆ. ಮತ್ತೆ ಹೇಗೆ ಎಂದು ಹೇಳಲಿಲ್ಲ. ಅವಳು ನನ್ನ ಪಾಲಿನ ಭಜ್ಜಿಯನ್ನು ತಿರುಗಿ ಗಡಿಗೆಗೆ ಸುರಿದು ಒಳಗೆ ಹೋದಳು.

ಎರಡನೆಯ ಫಲಿತಾಂಶ ಹಬ್ಬವಾಗಿ ನಾಲ್ಕನೆಯ ದಿನ ಬಂತು. ಮಣ್ಣಿನಲ್ಲಿತ್ತು, ಸೊಪ್ಪಿನಲ್ಲಿಯೂ ಇತ್ತು. ಸಾಹೇಬರಿಗೆ ಫೋನ್ ಮಾಡಲು ಹೋಗಲಿಲ್ಲ. ನೆಟ್ಟಗೆ ಕಾರ್ಖಾನೆಗೆ ನಡೆದೆ. ಹಣಮವ್ವ ಮೆಂತ್ಯದ ಸೂಡು ಕಟ್ಟುತ್ತಿದ್ದಳು. ಎದುರು ಕೂತು ಎಲ್ಲ ಹೇಳಿದೆ, ಮೂರು ವಾರದ ಹಿಂದೆಯೇ ಗೊತ್ತಾಗಿತ್ತೆಂಬುದನ್ನೂ ಬಿಡದೆ. ಅವಳು ಸೂಡು ಕಟ್ಟುವುದನ್ನು ನಿಲ್ಲಿಸಲಿಲ್ಲ. ಕಟ್ಟಿ ಮುಗಿಸಿ, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು.

“ಪುಡಿ ಐತಿ ಅಂತೀರಿ. ಇದರಾಗ.”

“ಹೌದು.”

“ತಿಂದರ ಏನಾಗ್ತದ?”

“ಒಂದೇ ಸಲಕ್ಕೆ ಏನೂ ಆಗಲ್ಲ. ವರ್ಷಗಟ್ಟಲೆ ತಿಂದರೆ ಮೈಯಲ್ಲಿ ಉಳಿಯುತ್ತೆ. ಏನಾಗುತ್ತೆ ಅಂತ ಒಬ್ಬೊಬ್ಬರ ಬಗ್ಗೆ ಹೇಳೋಕೆ ನನಗೆ ಬರಲ್ಲ.”

“ಬಸುರಿ ಹೆಣಮಕ್ಕಳಿಗೆ?”

“ಅವರು ತಿನ್ನಲೇಬಾರದು” ಎಂದೆ. ಖಾಜಾನ ಶಾಹಿದಾಳಿಗೆ ಆಗ ಏಳು ತಿಂಗಳು. ಹಣಮವ್ವ ಎದ್ದು, ಕಟ್ಟಿದ್ದ ಸೂಡುಗಳನ್ನೆಲ್ಲ ಒಲೆಯ ಹಿಂದೆ ಚೆಲ್ಲಿ, ಬರಿಯ ಬುಟ್ಟಿ ತೆಗೆದುಕೊಂಡು ಗೇಟಿನ ಕಡೆ ನಡೆದಳು. ಎಲ್ಲಿಗೆಂದು ಕೇಳಿದೆ.

“ಕೊಟ್ಟಾಕಿ ನಾನು. ನಾನ ಹೇಳ್ತೀನಿ.”

ಹಿಂದೆ ಹೋದೆ. ಮೊದಲು ಹೋದದ್ದು ಖಾಜಾನ ಮನೆಗೇ. ಶಾಹಿದಾ ಬಾಗಿಲಿಗೆ ಬಂದು, ಬರಿಯ ಬುಟ್ಟಿ ನೋಡಿ, “ಇವತ್ತ ಪಲ್ಯ ಇಲ್ಲೇನಬೇ?” ಎಂದಳು. ಹಣಮವ್ವ ಹೊಸ್ತಿಲ ಹೊರಗೇ ನಿಂತು ಹೇಳಿದಳು. ಮಣ್ಣಿನಲ್ಲಿ ಹಳೇ ಪುಡಿ ಇತ್ತು, ನನಗೆ ಗೊತ್ತಾಗಲಿಲ್ಲ, ಇನ್ನು ಮೇಲೆ ನನ್ನ ಪಲ್ಯ ಯಾರೂ ತಿನ್ನಬೇಡಿರಿ, ನೀ ದೊಡ್ಡ ದವಾಖಾನಿಗೆ ಹೋಗಿ ತೋರಿಸಿಕೋ ತಾಯಿ ಎಂದು. ಅಷ್ಟರಲ್ಲಿ ಖಾಜಾ ಒಳಗಿನಿಂದ ಬಂದ. ಅವಳನ್ನು ಏನೂ ಅನ್ನಲಿಲ್ಲ. ನನ್ನ ಕಡೆ ತಿರುಗಿದ.

“ನಿಮಗ ಯಾವಾಗ ಗೊತ್ತಾತ್ರಿ?”

“ಮೂರು ವಾರ ಆಯ್ತು.”

“ಮೂರು ವಾರ ನನ್ನ ಆಟೋದಾಗ ಬಂದೀರಿ, ಹೋಗೀರಿ. ನನ್ನ ಮನ್ಯಾಗ ಏನ್ ಬೇಯಾಕತ್ತೈತಿ ಅಂತ ನಿಮಗ ಗೊತ್ತಿತ್ತು.” ಗಟ್ಟಿಯಾಗಿ ಮಾತಾಡಲಿಲ್ಲ. “ಒಂದ ಮಾತ ಹೇಳಬೇಕಿತ್ರಿ” ಎಂದು ಬಾಗಿಲು ಮುಂದೆ ಮಾಡಿಕೊಂಡ. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ.

ಹಣಮವ್ವ ಆವತ್ತು ಸಂಜೆಯವರೆಗೆ ಮನೆ ಮನೆ ತಿರುಗಿದಳು. ಒಬ್ಬರು ಬೈದರು. ಒಬ್ಬ ಮುದುಕರು, ಇಷ್ಟು ವರ್ಷ ತಿಂದೇವಿ ಏನಾಗೇತಿ ಎಂದು ನಕ್ಕರು. ಒಬ್ಬ ಮೇಷ್ಟರ ಹೆಂಡತಿ ಒಳಗೆ ಕರೆದು ಚಹಾ ಕೊಟ್ಟಳು. ಹಣಮವ್ವ ಅದನ್ನು ಕುಡಿದು, ಬಟ್ಟಲನ್ನು ತಾನೇ ತೊಳೆದಿಟ್ಟು, ಮುಂದಿನ ಮನೆಗೆ ನಡೆದಳು.

ಎರಡು ದಿನ ಅವಳು ಖೋಲಿಯಿಂದ ಹೊರಗೆ ಬರಲಿಲ್ಲ. ಮೂರನೆಯ ದಿನ ನಾನು ಒಬ್ಬಳೇ ಬೈರಿಗೆ ಹಿಡಿದು ಒದ್ದಾಡುತ್ತಿರುವಾಗ ಹಿಂದೆ ಬಂದು ನಿಂತಳು.

“ಅಲ್ಲಿ ಎಷ್ಟ ಕೊರದ್ರೂ ನಿಮಗ ಸಿಗಂಗಿಲ್ರಿ. ಬರ್ರಿ.”

ಮಡಿಗಳಿಂದ ಹತ್ತು ಹೆಜ್ಜೆ ಆಚೆ, ಜಾಲಿಕಂಟಿಯ ನಡುವೆ ಕಲ್ಲು ಹರಡಿದ್ದ ಒಂದು ಜಾಗ. “ಇಲ್ಲಿ ಬಾವಿ ಇತ್ರಿ,” ಎಂದಳು. ನನ್ನ ನಕ್ಷೆಯಲ್ಲಿ ಬಾವಿ ಇರಲಿಲ್ಲ.

ನಿಂತಲ್ಲೇ ಹೇಳಿದಳು. ಮುಚ್ಚುವ ಮುಂಚಿನ ವಾರ, ಮಾರಾಟವಾಗದೆ ಉಳಿದ ಚೀಲಗಳನ್ನೆಲ್ಲ ಆರು ಮಂದಿ ಹೆಂಗಸರಿಂದ ಹೊರಿಸಿ ಆ ಬಾವಿಗೆ ಹಾಕಿಸಿದ್ದರು. ಮೂರು ದಿನ ಹೊತ್ತಿದ್ದರು. ಮೇಲೆ ಕಲ್ಲು, ಮಣ್ಣು. ಆಮೇಲೆ ಅಲ್ಲಿಯ ಮ್ಯಾನೇಜರು ಹಣಮವ್ವನನ್ನು ಕರೆದು, ಬಾಯಿ ಮುಚ್ಚಿಕೊಂಡಿದ್ದರೆ ಈ ಖೋಲಿ ನಿನ್ನದು ಎಂದಿದ್ದ.

“ನೀರಿಗೆ ಇಳೀತೈತಿ ಅಂತ ಯಾರೂ ಹೇಳಿದ್ದಿಲ್ರಿ. ಬಾವಿ ಮುಚ್ಚೇತಿ, ಮುಗೀತು ಅಂದಕೊಂಡಿದ್ದೆ. ಬಾಜೂಕನ ಪಲ್ಯ ಹಾಕಿದೆ. ಮಣ್ಣ ಅಲ್ಲಿ ಮೆತ್ತಗಿತ್ತು.”

“ಇದನ್ನ ಬರೆದರೆ ನಿಮ್ಮ ಖೋಲಿ ಹೋಗುತ್ತೆ ಹಣಮವ್ವ. ಇಲ್ಲಿ ಯಾರೂ ಇರೋ ಹಾಗಿಲ್ಲ ಅಂತಾರೆ.”

“ಬರ್ಕೋರಿ,” ಎಂದಳು.

ಖಾಜಾ ಇರಲಿಲ್ಲವಾದ್ದರಿಂದ ಬೈರಿಗೆಯ ಒಂದು ಕಡೆಯ ಹಿಡಿಯನ್ನು ಅವಳೇ ಹಿಡಿದಳು. ನನ್ನ ಇನ್ನೊಂದು ಜೊತೆ ಕೈಗವಸು, ಮುಖವಾಡ ಕೊಟ್ಟೆ. “ಆವಾಗ ಮೂಗಿಗೆ ಸೆರಗ ಕಟ್ಟಿಕೊಂಡು ತುಂಬತಿದ್ದೆವ್ರಿ” ಎನ್ನುತ್ತ ಹಾಕಿಕೊಂಡಳು. ಎದುರು ಬದುರು ನಿಂತು, ಗಾಣದೆತ್ತುಗಳ ಹಾಗೆ ಸುತ್ತಿದೆವು. ಎರಡು ಸಲ ಕಲ್ಲು ತಡೆಯಿತು. ಮೂರನೆಯ ಕಡೆ ಬೈರಿಗೆ ಇಳಿಯಿತು. ಮೇಲೆಳೆದಾಗ ಅದರ ಬಾಯಲ್ಲಿ ಕರಿಮಣ್ಣಿನ ನಡುವೆ ಸುಣ್ಣದಂಥ ಬಿಳಿ ಪುಡಿ, ಗೋಣಿಯ ಎಳೆಗಳು, ಮತ್ತು ಆ ಘಾಟು. ಹಣಮವ್ವ ಮುಖ ತಿರುಗಿಸಿಕೊಂಡಳು. ನಾನು ಅದನ್ನು ಬಾಟಲಿಗೆ ತುಂಬಿ, ಮೇಲೆ ‘ಬಾವಿ’ ಎಂದು ಬರೆದೆ.

ಸುದ್ದಿ ಊರೆಲ್ಲ ಹಬ್ಬಿತು. ಹಾಸ್ಟೆಲ್ ಕೆಲಸ ನಿಂತಿತು. ಚಹಾ ಅಂಗಡಿಯಲ್ಲಿ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಗೋಗಿಯ ಒಬ್ಬ ರೈತರು ಕೋಣೆಯ ತನಕ ಬಂದು, ಮೆಟ್ಟಿಲ ಮೇಲೆಯೇ ನಿಂತು ಕೇಳಿದರು. “ನಮ್ಮ ಹುಡುಗಿ ದಿನಾ ಆಟೋದಾಗ ಜೋತುಬಿದ್ದು ಕಾಲೇಜಿಗೆ ಬರ್ತಾಳ್ರಿ. ಹಾಸ್ಟೆಲ್ ಆದ್ರ ಓದ್ತಾಳ, ಇಲ್ಲಂದ್ರ ಮುಂದಿನ ವರ್ಷ ಬಿಡಸ್ತೀವಿ. ಅದನ್ನೂ ಬರೀರಿ ನಿಮ್ಮ ವರದ್ಯಾಗ.” ವರದಿಯಲ್ಲಿ ಅಂಥದಕ್ಕೆ ಜಾಗವಿರುವುದಿಲ್ಲ.

ಕಲಬುರಗಿಯಿಂದಲೂ ಫೋನ್ ಬಂತು. ಕರಾರು ಮುರಿದದ್ದಕ್ಕೆ ನನ್ನನ್ನು ಆ ಕೆಲಸದಿಂದ ತೆಗೆದಿದ್ದರು. ಬಾವಿಯ ಮಾದರಿಯನ್ನು ಅಷ್ಟರೊಳಗೆ ದಾಖಲೆಗೆ ಸೇರಿಸಿಬಿಟ್ಟಿದ್ದೆ, ಅದನ್ನು ಯಾರಿಗೂ ಅಳಿಸಲಾಗಲಿಲ್ಲ. ಕೊನೆಯ ಐಸಿನ ಪೆಟ್ಟಿಗೆಯನ್ನು ನಾನೇ ಬಸ್ಸಿನಲ್ಲಿ ಯಾದಗಿರಿಗೆ ಒಯ್ದೆ. ತಿರುಗಿ ಬಂದಾಗ ತೂಕದ ಖೋಲಿಯ ಬಾಗಿಲು ತೆರೆದಿತ್ತು, ಒಳಗೆ ಏನೂ ಇರಲಿಲ್ಲ. ನೆಲ ಸಾರಿಸಿತ್ತು. ಕಕ್ಕೇರಾದಲ್ಲಿ ಅವಳ ತಂಗಿಯ ಮಗಳಿದ್ದಾಳೆ, ಅಲ್ಲಿಗೆ ಹೋದಳು ಎಂದು ರಸ್ತೆಯಾಚೆಯ ಪಂಕ್ಚರ್ ಅಂಗಡಿಯವನು ಹೇಳಿದ. ನನಗೇನಾದರೂ ಹೇಳಿದ್ದಾಳೆಯೇ ಎಂದು ಕೇಳಿದೆ. ಇಲ್ಲ ಎಂದ. ಆ ವಾರವೇ ನಾನೂ ಊರು ಬಿಟ್ಟೆ.

ಎರಡು ವರ್ಷದ ನಂತರ ಖಾಜಾ ಫೋನ್ ಮಾಡಿದ. ಹೆಸರು ಹೇಳಿ ಸ್ವಲ್ಪ ತಡೆದು, “ಹೆಣ್ಣ ಆಗೇತ್ರಿ ನಮಗ, ಅವಾಗನ. ಚಲೋ ಅದಾಳ, ಓಡ್ಯಾಡ್ತಾಳ” ಎಂದ. ಆಮೇಲೆ, “ಬರೋ ಸೋಮವಾರ ಬಾವಿ ತೋಡಸ್ತಾರಂತ. ನಿಮಗ ಗೊತ್ತಿರಲಿ ಅಂತ ಮಾಡಿದೆ” ಎಂದು ಇಟ್ಟುಬಿಟ್ಟ.

ಯಾರೂ ಕರೆದಿರಲಿಲ್ಲ, ಆದರೂ ಹೋದೆ. ಕಾಂಪೌಂಡಿನ ಸುತ್ತ ಪಟ್ಟಿ ಕಟ್ಟಿ ಜನರನ್ನು ದೂರ ನಿಲ್ಲಿಸಿದ್ದರು. ಬಿಳಿ ಅಂಗಿ, ಮುಖವಾಡ ತೊಟ್ಟವರು ತೋಡಿ ತೆಗೆದ ಚೀಲಗಳನ್ನು ಡ್ರಮ್ಮುಗಳಿಗೆ ತುಂಬಿ, ಮುಚ್ಚಿದ ಲಾರಿಗೆ ಏರಿಸುತ್ತಿದ್ದರು. ಪಟ್ಟಿಯ ಹತ್ತಿರ ಹಣಮವ್ವ ನಿಂತಿದ್ದಳು. ಅವಳಿಗೂ ಖಾಜಾನೇ ತಿಳಿಸಿದ್ದನಂತೆ. ಕಕ್ಕೇರಾದಿಂದ ಮುಂಜಾನೆಯ ಬಸ್ಸಿಗೆ ಬಂದಿದ್ದಳು. ಸೊರಗಿದ್ದಳು. ಪಕ್ಕದಲ್ಲಿ ಹೋಗಿ ನಿಂತೆ. ತಿರುಗಿ ನೋಡಿ, ಜಾಗ ಮಾಡಿಕೊಟ್ಟಳು. ಕೆಲಸದವನೊಬ್ಬ ಬಂದು ನೀವು ಯಾರು ಎಂದು ಕೇಳಿದ.

“ನೋಡಾಕ ಬಂದೀವ್ರಿ,” ಎಂದಳು ಹಣಮವ್ವ.

ಕೊನೆಯ ಲಾರಿ ಹೋಗುವ ತನಕ ನಿಂತೆವು. ಆ ಜಾಗಕ್ಕೆ ಈಗ ಕಾಂಕ್ರೀಟು ಹಾಕಿ ಲಾರಿ ನಿಲ್ಲಿಸುತ್ತಾರೆ. ಹಾಸ್ಟೆಲ್ ಊರಿನ ಇನ್ನೊಂದು ಕಡೆ ತಡವಾಗಿ ಆಯಿತು. ಗೋಗಿಯ ಆ ಹುಡುಗಿ ಅಷ್ಟರಲ್ಲಿ ಕಾಲೇಜು ಬಿಟ್ಟಿದ್ದಳೋ ಏನೋ, ತಿಳಿಯಲಿಲ್ಲ.

ಇಬ್ಬರೂ ಬಸ್‌ಸ್ಟ್ಯಾಂಡಿನವರೆಗೆ ನಡೆದೆವು. ಕಲ್ಲಿನ ಬೆಂಚಿನ ಮೇಲೆ ಕೂತೆವು. ಅವಳದು ಸುರಪುರದ ಕಡೆಯ ಬಸ್ಸು, ನನ್ನದು ಕಲಬುರಗಿಯದು. ಕ್ಷಮೆ ಕೇಳಬೇಕೆಂದು ಎರಡು ವರ್ಷದಿಂದ ಜೋಡಿಸಿಟ್ಟುಕೊಂಡ ಮಾತುಗಳಿದ್ದವು. ಶುರುಮಾಡಿದೆ. ಅವಳು ಕೈಯೆತ್ತಿ ತಡೆದಳು.

“ಪುಡಿ ನಾ ಹೊತ್ತದ್ದರಿ, ನೀವಲ್ಲ. ಅದಕ್ಕ ನಿಮಗ ನಾ ಏನೂ ಅನ್ನಂಗಿಲ್ಲ.” ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಆ ಮೂರು ವಾರ ನೀವು ನನ್ನ ಮುಂದ ಕುಂತು ಉಣ್ಣಲಿಲ್ಲಲ್ಲ. ಯಾಕಂತ ಆಮ್ಯಾಲ ತಿಳೀತು. ತಿಳಿದ ಮ್ಯಾಲೂ ಅದು ಮನಸಿನಾಗಿಂದ ಹೋಗವಲ್ದು ಯವ್ವಾ.”

ಸುರಪುರದ ಬಸ್ಸು ಬಂತು. ಅವಳು ನನ್ನ ಭುಜ ಹಿಡಿದು ಎದ್ದು, ಹತ್ತಿ, ಆಚೆಯ ಬದಿಯ ಕಿಟಕಿಯಲ್ಲಿ ಕೂತಳು. ಬಸ್ಸು ತಿರುಗಿ ಹೊರಟಿತು. ಸ್ವಲ್ಪ ಹೊತ್ತಿಗೆ ಕಲಬುರಗಿಯದೂ ಬಂದು ನಿಂತಿತು. ಕಂಡಕ್ಟರ್ ಎರಡು ಸಲ ಕೂಗಿದ. ನಾನು ಏಳಲಿಲ್ಲ. ಅದೂ ಹೋಯಿತು. ಮುಂದಿನ ಬಸ್ಸಿಗೆ ಕಾಯುತ್ತ ಅಲ್ಲಿಯೇ ಕೂತಿದ್ದೆ.